ಏಳು ಮಣಿ

ಆರನೇ ಮೇಜಿನ ಹೆಂಗಸಿಗೆ ಹೆಸರಿಲ್ಲ.
ಕಾಲ್ಬೆರಳ ಚೀಟಿಯಲ್ಲಿ ಒಂದು ಸಂಖ್ಯೆ, ಒಂದು ತಾರೀಕು,
ಕೆಳಗೆ 'ಮಕೋಲಾ ಮಾರುಕಟ್ಟೆ' ಅಂತ ಬರೆದು
ಯಾರೋ ಅದನ್ನೂ ಹೊಡೆದುಹಾಕಿದ್ದಾರೆ.

ಅಕ್ರಾದಲ್ಲಿ ಆಗಸ್ಟ್. ಕಿಟಕಿಯಾಚೆ ಮೋಡ, ಕಡಲ ಉಪ್ಪುಗಾಳಿ.
ಒಳಗೆ ಫಾರ್ಮಾಲಿನ್.
ಕಣ್ಣಲ್ಲಿ ನೀರು ಬಂದರೆ ಅದು ಅಳುವಲ್ಲ ಅಂತ
ಮೊದಲ ವಾರವೇ ಹೇಳಿಕೊಟ್ಟಿದ್ದ ಮುದುಕ ಓಕೈ,
ಮೂವತ್ತೆರಡು ವರ್ಷದಿಂದ ಹೆಣಗಳ ಮೈ ಒರೆಸುವವನು.

ಎದೆ ಮುಗಿದಿತ್ತು. ಕೈ ಮುಗಿದಿತ್ತು.
ಇವತ್ತು ಕುತ್ತಿಗೆ.

ಗಲ್ಲದಿಂದ ಕೊರಳ ಗುಣಿಯವರೆಗೆ ಒಂದೇ ಗೆರೆ.
ತೊಗಲಿನಡಿ ಈರುಳ್ಳಿ ಪೊರೆಯಂಥ ಸ್ನಾಯು;
ಎಡೆಮ್ ಅದನ್ನು ತೊಗಲಿನ ಜತೆಗೇ ಸುಲಿದುಬಿಟ್ಟ,
'ಹೋಯ್ತು' ಅಂದ, ಗಾಳಿಪಟ ಕಳೆದುಕೊಂಡವನ ಹಾಗೆ.
ಕಿವಿಯ ಹಿಂದಿನ ಗುಬ್ಬಿಯಿಂದ ಓರೆಯಾಗಿ ಇಳಿದ ಹುರಿ,
ಅದರ ನೆರಳಲ್ಲಿ ಕಿರುಬೆರಳ ದಪ್ಪದ ಧಮನಿ.
ಒತ್ತಿ ನೋಡಿದೆ. ಅಭ್ಯಾಸಬಲ.

ನಾಲಗೆಯ ಬುಡದಲ್ಲಿ ಲಾಳದಂಥ ಎಲುಬೊಂದಿದೆ,
ಮೈಯ ಬೇರಾವ ಎಲುಬಿನ ಜತೆಗೂ ಕೀಲಿಲ್ಲ, ನಂಟಿಲ್ಲ.
ತೂಗಾಡಿಕೊಂಡೇ ಅದರ ಸಂಸಾರ.

ದನಿಯ ನರದ್ದು ಇನ್ನೊಂದು ಕತೆ.
ಎಡಗಡೆಯದು ಗಂಟಲ ಪಕ್ಕದಲ್ಲೇ ಹಾದರೂ ಒಳಗೆ ಬಾರದೆ
ನೆಟ್ಟಗೆ ಎದೆಗಿಳಿದು,
ಹೃದಯದಿಂದ ಎದ್ದ ದೊಡ್ಡ ಕಮಾನಿನಡಿ ಸುತ್ತು ಹೊಡೆದು
ಬಂದ ದಾರಿಗೆ ಸುಂಕವಿಲ್ಲದೆ ಮತ್ತೆ ಮೇಲೇರುತ್ತದೆ.
'ಆಡುವ ಮಾತೆಲ್ಲ ಎದೆಯ ತನಕ ಹೋಗಿ...' ಅಂತ ನಾನು ಶುರುಮಾಡಿದ್ದೆ.
ಡಾಕ್ಟರ್ ಅಗ್ಬೆಕೊ ಚಿಮಟ ತಟ್ಟಿದರು:
'ಕವಿತೆ ಬೇಡ, ಕವಲು ತೋರಿಸು.'

ಮಧ್ಯಾಹ್ನ ಅವಳನ್ನು ಬೋರಲು ಮಾಡಿದೆವು.
ಕೊರಳು ಸರಕ್ಕೆ, ಗಂಟಲು ತುತ್ತಿಗೆ,
ಕತ್ತು ಕತ್ತಿಗೆ.
ಹಿಂದಿನದು ಗೋಣು. ಅದು ನೊಗಕ್ಕೆ.

ಏಳು ಮಣಿ.
ಜಿರಾಫೆಗೂ ಏಳೇ, ಇಲಿಗೂ ಏಳೇ.
ಮೊದಲನೆಯದು ಬರೀ ಬಳೆ,
ತಲೆ ಅದರ ಮೇಲೆ ಕೂತು ತೂಗಿ 'ಹೂಂ' ಅನ್ನುತ್ತದೆ.
ಎರಡನೆಯದಕ್ಕೊಂದು ಗೂಟ,
ಬಳೆ ಆ ಗೂಟದ ಸುತ್ತ ತಿರುಗಿದರೆ 'ಉಹೂಂ.'
ಇಷ್ಟೇ ಇರುವುದು, ಒಪ್ಪುವುದಕ್ಕೂ ಒಲ್ಲೆನೆನ್ನುವುದಕ್ಕೂ.

ಐದು ಆರರ ನಡುವಿನ ಮೆತ್ತೆ ಸವೆದು ಕಾಗದವಾಗಿತ್ತು,
ಅಂಚಿನಲ್ಲಿ ಎಲುಬು ಕೊಕ್ಕಿನಂತೆ ಬೆಳೆದಿತ್ತು.
'ಹೊರೆ ಹೊತ್ತವಳು' ಅಂದೆ.
ಓಕೈ ಬಕೆಟ್ಟು ಕೆಳಗಿಟ್ಟ.
'ವಯಸ್ಸಾದವರದೆಲ್ಲ ಹೀಗೇ. ನನ್ನದೂ ಹೀಗೇ ಇದ್ದೀತು.
ಎಲುಬು ಕಸುಬು ಹೇಳೋದಿಲ್ಲ ಮಗಳೇ.'

ಸಂಜೆ ಮಕೋಲಾದಲ್ಲಿ ಅತ್ತೆಯ ಅಂಗಡಿಗೆ ಹನ್ನೆರಡು ಯಾಮ್ ಗೆಡ್ಡೆ.
ಹೊರಲು ಬಂದವಳು ವುಂಪಿನಿ, ಉತ್ತರದ ಸೀಮೆಯವಳು,
ಹದಿನೇಳಿರಬೇಕು. ಕೇಳಿದರೆ ಇಪ್ಪತ್ತು ಅಂದಳು.
ಹಳೇ ಬಟ್ಟೆ ಸುತ್ತಿ ಸಿಂಬಿ, ಸಿಂಬಿಯ ಮೇಲೆ ಅಲ್ಯೂಮಿನಿಯಂ ಬೋಗುಣಿ,
ಬೋಗುಣಿ ತುಂಬ ನನ್ನ ಗೆಡ್ಡೆ.
ಅವಳು ಮುಂದೆ. ನಾನು ಹಿಂದೆ, ಅವಳ ಗೋಣು ಓದುತ್ತ:
ಏಳನೆಯ ಮಣಿ ತೊಗಲಿನಡಿ ಗುಬುಟಾಗಿ ಎದ್ದು,
ಬೆವರ ಹನಿ ಅದರ ಮೇಲೆ ಬಂದು ತುಸು ನಿಂತು
ಯೋಚಿಸಿ ಎಡಕ್ಕೆ ಇಳಿಯುತ್ತಿತ್ತು.

'ಹತ್ತು ಸೆಡಿ ಸಾಕಾ?' ಕೂಗಿದೆ, ವ್ಯಾನಿನ ಹುಡುಗರ
'ಸರ್ಕ್! ಸರ್ಕ್!' ಗಲಾಟೆಯ ನಡುವೆ.
ತಲೆ ಅಲುಗಲಿಲ್ಲ.
ಸಾಕು ಅಂದಳೆಂದುಕೊಂಡೆ.
ನಲವತ್ತು ಹೆಜ್ಜೆ ನಡೆದ ಮೇಲೆ ಹೊಳೆಯಿತು:
ಹೊತ್ತ ತಲೆಗೆ ಹೂಂ ಇಲ್ಲ, ಉಹೂಂ ಇಲ್ಲ,
ಅಲುಗಿದರೆ ಗೆಡ್ಡೆ ಬೀದಿಪಾಲು.

ಬಸ್ಸಿನ ಹತ್ತಿರ ಇಬ್ಬರೂ ಹಿಡಿದು ಇಳಿಸಿದೆವು.
ಸಿಂಬಿ ತೆಗೆದಳು, ಅದರಿಂದಲೇ ಹೆಡಕು ಒರೆಸಿಕೊಂಡಳು,
ಕತ್ತು ಹೊರಳಿಸಿದಳು. ಲಟಕ್ಕೆಂದಿತು ಒಂದು ಮಣಿ,
ಎಷ್ಟನೆಯದೋ.
ನಾನು ಹತ್ತರ ನೋಟು ಚಾಚಿದೆ.

ಬಳೆ ತಿರುಗಿತು ಗೂಟದ ಸುತ್ತ,
ಎಡಕ್ಕೆ, ಬಲಕ್ಕೆ,
ಅವಸರವಿಲ್ಲದೆ ಇನ್ನೊಮ್ಮೆ ಎಡಕ್ಕೆ.

ಇಪ್ಪತ್ತು ಕೊಟ್ಟೆ.
ಮಡಚಿ ಸಿಂಬಿಯೊಳಗೆ ಸಿಕ್ಕಿಸಿದಳು.
ಹೂಂ ಅನ್ನಲಿಲ್ಲ.