ಚಪ್ಪಟೆ ರೆಕ್ಕೆ

ವಿಮಾನಪುರದ ನಮ್ಮ ಶಾಲೆಯಲ್ಲಿ
ಪಾಠ ಅರ್ಧಕ್ಕೆ ನಿಲ್ಲುವುದು ರೂಢಿ.
ಗೋಡೆಯಾಚೆ ಯುದ್ಧವಿಮಾನ ಮೇಲೆದ್ದರೆ
ತೆರೆದ ಬಾಯಿ ತೆರೆದಂತೆಯೇ
ಸೀಮೆಸುಣ್ಣ ಗಾಳಿಯಲ್ಲಿ ಹಿಡಿದು ನಿಲ್ಲುತ್ತೇನೆ.
ಮಕ್ಕಳೂ ಕಾಯುತ್ತಾರೆ.
ಸದ್ದು ಮಾರತ್ತಹಳ್ಳಿಯ ಕಡೆ ಕರಗಿದ ಮೇಲೆ
ಕ್ರಿಯಾಪದ ಹೇಳುತ್ತೇನೆ.

ಶನಿವಾರ. ಮುರುಗೇಶಪಾಳ್ಯದ ಗುಜರಿಯಿಂದ
ದೇವಿಂದ್ರ ತಲೆಯ ಮೇಲೆ ಹೊತ್ತು ತಂದದ್ದು
ಫ್ರಿಜ್ಜಿನ ಬೆನ್ನಿಗಿದ್ದ ಥರ್ಮಕೋಲು.
ಫ್ರಿಜ್ಜು ಯಾರ ಮನೆ ಸೇರಿತೋ.
ಹಲಗೆಯಂಥ ಈ ಬಿಳುಪು, ಬೆರಳು ದಪ್ಪ,
ಹತ್ತು ರೂಪಾಯಿಗೆ ನಮ್ಮದು.

ಮೇಣದಬತ್ತಿಗೆ ಕಾಯಿಸಿದ ಬ್ಲೇಡಿನಲ್ಲಿ ಕೊಯ್ದರೆ
ಕೆಟ್ಟ ವಾಸನೆ, ಒಳ್ಳೆಯ ಅಂಚು.
ಕಾಯಿಸುವ ತಾಳ್ಮೆಯಿಲ್ಲದವರು ಕೊಯ್ದಲ್ಲೆಲ್ಲ
ಸಬ್ಬಕ್ಕಿ ಚೆಲ್ಲಿದಂತೆ ಕಾಳು ಕಾಳು:
ಜಡೆಗೆ, ಹುಬ್ಬಿಗೆ, ಸಗಾಯರಾಜನ ಸ್ವೆಟರಿಗೆ.
ಕೊಡವಿದರೆ ಕೈಗೆ, ಕೈ ಕೊಡವಿದರೆ ಮತ್ತೆ ಸ್ವೆಟರಿಗೆ.
ಇದೂ ವಿಜ್ಞಾನವೇ, ಅಂದೆ.
ಯಾರೂ ಕೇಳಿಸಿಕೊಳ್ಳಲಿಲ್ಲ.

ಒಂದು ಉದ್ದ ರೆಕ್ಕೆ, ಒಂದು ಗಿಡ್ಡ ಬಾಲ,
ನಡುವೆ ಪೊರಕೆಕಡ್ಡಿಯ ಬೆನ್ನುಮೂಳೆ.
ಮೊದಲ ಎಸೆತ:
ಮೂಗು ಮೇಲೆತ್ತಿತು,
ಗಾಳಿಯಲ್ಲಿ ಒಂದು ಗಳಿಗೆ ಯೋಚಿಸಿತು,
ಬಾಲದ ಮೇಲೆ ಕೂತಿತು.
ಎರಡನೆಯದೂ ಹಾಗೇ. ಏಳನೆಯದೂ.

ಅಸ್ಮಾ ಮಾತಾಡುವ ಹುಡುಗಿಯಲ್ಲ.
ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಾಳೆ.
ದುಪಟ್ಟಾದ ಕ್ಲಿಪ್ಪು ಬಿಚ್ಚಿ, ಬಂದು,
ಅದರ ಮೂಗಿಗೆ ಕಚ್ಚಿಸಿದಳು.
'ಅಯ್ಯೋ, ಇನ್ನೂ ಭಾರ ಹಾಕ್ತಾಳೆ!'
ಎಂದು ನಕ್ಕರು ಹುಡುಗರು.
ಅವಳು ಎಸೆಯಲಿಲ್ಲ, ಸುಮ್ಮನೆ ಬಿಟ್ಟಳು,
ಮಲಗಿದ ಕೂಸನ್ನು ಇನ್ನೊಬ್ಬರ ತೋಳಿಗೆ ಬಿಡುವಂತೆ.

ಧ್ವಜಕಂಬ ದಾಟಿತು,
ಬಿಸಿಯೂಟದ ಕೋಣೆಯ ಹೊಗೆ ದಾಟಿತು,
ಏನೂ ಸದ್ದು ಮಾಡದೆ, ಏನೂ ಸುಡದೆ,
ಹೆಡ್‌ಮಾಸ್ಟರ ಸ್ಕೂಟರಿನ ಸೀಟಿನ ಮೇಲೆ
ಇಳಿಯಿತು.

ಆಮೇಲೆ ಕಪ್ಪುಹಲಗೆ.
ಹನ್ನೊಂದು ವರ್ಷದಿಂದ ಬರೆಯುವ ಅದೇ ಚಿತ್ರ:
ರೆಕ್ಕೆಯ ಮೇಲ್ಮೈ ಉಬ್ಬು, ಕೆಳಮೈ ನೇರ.
ಮುಂದೆ ಬೇರೆಯಾದ ಎರಡು ಗಾಳಿ
ಹಿಂದೆ ಒಟ್ಟಿಗೆ ಸೇರಬೇಕಲ್ಲ,
ಮೇಲಿನದಕ್ಕೆ ದಾರಿ ಉದ್ದ, ಅದಕ್ಕೇ ಅದು ಓಡುತ್ತದೆ...

'ಒಟ್ಟಿಗೇ ಯಾಕೆ ಸೇರಬೇಕು ಮಿಸ್?'
ಅಸ್ಮಾಳ ದನಿ ನಾನು ಕೇಳಿದ್ದು ಅದೇ ಮೊದಲು.
'ಕಾಯ್ತೀನಿ ಅಂತ ಕೆಳಗಿಂದು ಹೇಳಿರತ್ತಾ?'
ದೇವಿಂದ್ರ ಸ್ಕೂಟರಿನಿಂದ ಇಳಿಸಿ ತಂದದ್ದನ್ನು
ನನ್ನ ಮೇಜಿನ ಮೇಲಿಟ್ಟ:
'ನಮ್ದು ಎರಡೂ ಕಡಿ ಚಪ್ಪಟಿ ಅದ್ರಿ.
ಮತ್ತ ಇದು ಹೆಂಗ ಹಾರ್ತು?'

ಒಂದು ವಿಮಾನ ಬರಲಿ ಎಂದು ಕಾದೆ.
ದಿನಕ್ಕೆ ಹತ್ತು ಸಲ ಬರುವುದು
ಆಗ ಬರಲಿಲ್ಲ.
ಮೂವತ್ನಾಲ್ಕು ಜೊತೆ ಕಣ್ಣು.
ಡಸ್ಟರು ತೆಗೆದುಕೊಂಡು ಉಬ್ಬನ್ನು ಒರೆಸಿದೆ,
ಬಾಣಗಳನ್ನು ಒರೆಸಿದೆ.
'ಗೊತ್ತಿಲ್ಲ' ಅಂದೆ.
ಬರೀ ಕ್ರಿಯಾಪದ.

ಆಗ ಸಗಾಯರಾಜ: 'ಬಸ್ಸಲ್ಲಿ ಕೈ ಆಚೆ ಹಾಕಿದ್ರೆ ಮಿಸ್,
ಹಿಂಗೆ ಓರೆ ಮಾಡಿದ್ರೆ, ತಾನೇ ಎತ್ತತ್ತೆ.
ಸುಮಾರು ಸಲ ಬೈಸ್ಕೊಂಡಿದೀನಿ.'
ಎಲ್ಲರೂ ಅಂಗೈ ಚಾಚಿ ಕೂತರು,
ಬೆಂಚುಗಳು ಓಡುತ್ತಿವೆಯೇನೋ ಎಂಬಂತೆ.

ಸಂಜೆ ಹಳೆ ಏರ್‌ಪೋರ್ಟ್ ರಸ್ತೆ.
ಒಂದು ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟು.
ದೊಮ್ಮಲೂರಿನ ಮೇಲ್ಸೇತುವೆ ಹತ್ತುವಾಗ
ಆಚೀಚೆ ನೋಡಿ
ಇನ್ನೊಂದು ಕೈಯನ್ನು ಕಿಟಕಿಯಾಚೆ ಬಿಟ್ಟೆ.
ಅಂಗೈ ನೇರ: ಗಾಳಿ ಸುಮ್ಮನೆ ಸೀಳಿ ಹೋಯಿತು.
ಹೆಬ್ಬೆರಳ ಕಡೆ ತುಸು ಎತ್ತಿದೆ.
ಯಾರೋ ಕೆಳಗಿನಿಂದ
ಹಗುರಾಗಿ, ಏಳು ಏಳು ಎನ್ನುವಂತೆ...

'ಕೈ ಒಳಗೆ ಮೇಡಂ!
ಓದಿರೋರು ಹಿಂಗೆ ಮಾಡಿದ್ರೆ!'

ಎಳೆದುಕೊಂಡೆ.
ಉಗುರಿನ ಸಂದಿಯಲ್ಲಿ ಒಂದು ಬಿಳಿ ಕಾಳು,
ಅಷ್ಟು ಗಾಳಿಗೂ ಬಿಟ್ಟಿರಲಿಲ್ಲ.