ಮೂರನೇ ಡಬ್ಬಿ

ತುಲ್ಲಿಯೊ ಸಾರ್ದೆಲ್ಲಿ ಎಂಬ ಇಟಲಿಯವನ ಹೆಸರು
ನಮ್ಮಪ್ಪನ ಬಾಯಲ್ಲಿ ತುಳಸಿ ಸಾರ್ ಆಗಿತ್ತು.

ತುಳಸಿ ಸಾರ್ ಗಂಧಕದ ಗಣಿಯವರ ಮಗ,
ಹನ್ನೊಂದಕ್ಕೇ ದೀಪಗಳಿಗೆ ಎಣ್ಣೆ ಹಾಕುವ ಕೆಲಸ,
ಕೆಮ್ಮು ಹತ್ತಿತು, ಮೇಲೆ ಕಳಿಸಿದರು,
ಮೇಲೆ ಬಂದವನು ಕ್ಯಾಮೆರಾ ಹಿಡಿದ.
ಇಷ್ಟು ಗೊತ್ತಾದದ್ದು
ಡಬ್ಬಿಗಳ ಜೊತೆ ಬಂದ ಒಂದೇ ಹಾಳೆಯಿಂದ.
ಉಳಿದದ್ದನ್ನು ಅಪ್ಪ ತಾನೇ ಸೇರಿಸುತ್ತಿದ್ದ:
ಮೀಸೆ ಇತ್ತು, ಮದುವೆ ಆಗಲಿಲ್ಲ ಪಾಪ,
ನಮ್ಮನೇಲಿ ಊಟಕ್ಕೆ ಕರೆದರೂ ಬರೋ ಜಾತಿ.

ಚಾಂಪಿಯನ್ ರೀಫ್ಸಿನ ಕ್ಲಬ್ಬು, ಶನಿವಾರ.
ಗೋಡೆಗೆ ಬೆಡ್‌ಶೀಟು; ಅದರ ಮಡಿಕೆಯ ಗೆರೆ
ಪ್ರತಿ ಮುಖದ ಮೇಲೂ ಗಾಯದ ಹಾಗೆ.
ಗಾಳಿ ಎದ್ದರೆ ಪ್ರೊಜೆಕ್ಟರಿನ ಬೆಳಕಲ್ಲಿ
ಸಯನೈಡ್ ಗುಡ್ಡದ ಹುಡಿ ತೇಲುತ್ತಿತ್ತು.

ಹಾಡಿಲ್ಲ, ಫೈಟಿಲ್ಲ.
ಒಬ್ಬ ಬಾಗಿಲು ದಾಟಿ ಹೋಗುತ್ತಾನೆ,
ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ.
ಬಾಗಿಲನ್ನೇ ನೋಡುತ್ತದೆ. ನೋಡುತ್ತಲೇ ಇರುತ್ತದೆ.
ಒಂದು ಕೋಳಿ ಬಂದು ಹೊಸ್ತಿಲು ಕುಕ್ಕುತ್ತದೆ.
‘ಮಿಷನ್ ಕೆಟ್ಟೋಯ್ತಾ ಮೋಸೆಸ್ಸಣ್ಣ?’
‘ಇಲ್ಲ. ಆ ಮನುಷ್ಯ ಹಂಗೇ.
ಹೋದವರ ಜಾಗ ತಣ್ಣಗಾಗೋವರೆಗೂ
ಕದಲಲ್ಲ.’

ಹನ್ನೊಂದು ಜನ ಕೇಜಿನಲ್ಲಿ ಇಳಿದರು.
ಹಗ್ಗ ಇಳಿಯಿತು, ಇಳಿಯಿತು, ನಿಂತಿತು.
ನಾಲ್ಕು ನಿಮಿಷ ಬರೀ ಹಗ್ಗ.
ಕ್ಲಬ್ಬಿನಲ್ಲಿ ಬೀಡಿಗಳು ಆರಿದವು.
ಏರ್ ಬ್ಲಾಸ್ಟ್ ಎಂದು ಯಾರೂ ಹೇಳಬೇಕಿರಲಿಲ್ಲ;
ಆ ಅದುರಿಗೆ ಅಟ್ಟದ ಪಾತ್ರೆಗಳು ತಾವಾಗಿ ಇಳಿದುಬರುವ
ಮನೆಗಳಲ್ಲೇ ನಾವೆಲ್ಲ ಹುಟ್ಟಿದ್ದು.

ಆಮೇಲೆ ಡಬ್ಬಿ ಬದಲಾಯಿತು.
ಹನ್ನೊಂದೂ ಜನ ಮೇಜಿನ ಸುತ್ತ ಕೂತಿದ್ದಾರೆ!
ರೊಟ್ಟಿ ಮುರಿಯುತ್ತ, ಒಬ್ಬನ ತಲೆಗೆ ಇನ್ನೊಬ್ಬ ಮೊಟಕುತ್ತ.
ಇಡೀ ಕ್ಲಬ್ಬು ಎದ್ದು ನಿಂತಿತು. ಶಿಳ್ಳೆ.
ಪುಷ್ಪಮ್ಮಾಳ್,
ಗಂಡನ ಬೂಟು ಮಾತ್ರ ಮೇಲೆ ಬಂದವಳು,
‘ಆ ಕಡೇ ಡಬ್ಬಿ ಇನ್ನೊಂದ್ಸಲ ಹಾಕಪ್ಪ’ ಅಂದಳು.
ಹಾಕಿದ.

ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ
ಬೇರೆ ಊರಿನ ಮೆತ್ತನೆ ಕುರ್ಚಿಯಲ್ಲಿ
ಅದೇ ಸಿನಿಮಾ ನೋಡಿದೆ.
ರೊಟ್ಟಿ ಮೊದಲು. ಹಗ್ಗ ಆಮೇಲೆ.
ಹಗ್ಗದಲ್ಲೇ ಮುಗಿಯುತ್ತದೆ.
ದೀಪ ಹತ್ತಿಸಿದರು, ಜನ ಚಪ್ಪಾಳೆ ತಟ್ಟಿದರು,
ನನಗೆ ಚಪ್ಪಲಿ ಸಿಗಲಿಲ್ಲ ಸ್ವಲ್ಪ ಹೊತ್ತು.

ಮಾರಿಕುಪ್ಪಂ ರೈಲು ಹತ್ತಿ ಬಂದು ಅಪ್ಪನನ್ನು ಕೇಳಿದೆ.
‘ಡಬ್ಬಿ ಮೇಲೆ ನಂಬರ್ ಅಳಿಸಿತ್ತು,’ ಅಂದ,
ಕನ್ನಡಕ ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ.
ನಂಬರ್ ಬರೆದವಳು ನಾನು. ಸೀಮೆಸುಣ್ಣದಲ್ಲಿ,
ಏಳನೇ ಕ್ಲಾಸಿನ ಗುಂಡು ಅಕ್ಷರದಲ್ಲಿ, ೩, ೪.
ಹೇಳಲಿಲ್ಲ.

ಅವನೆದ್ದು ಹಾಲು ತರಲು ಹೋದ.
ನಾನು ಬಾಗಿಲು ನೋಡುತ್ತ ಕೂತೆ.
ಕೋಳಿ ಬರಲಿಲ್ಲ.