ಗುಂಡಿಯ ಪಕ್ಕದ ಮಂಚ

ಬಾಡಿಗೆ ಕಡಿಮೆ, ಯಾಕೆಂದರೆ ಮಂಚದ ಪಕ್ಕ ಒಂದು ಗುಂಡಿ.
ಗುಂಡಿಗೊಂದು ಮುಚ್ಚಳ, ಅದರಡಿ ಒಂದು ಪಂಪು.
ಟೊಲಿಡೊದ ಈ ಬೀದಿಯ ನೆಲಮಾಳಿಗೆಗಳೆಲ್ಲ
ಹೊಳೆಯ ಹತ್ತಿರ ಸಾಲ ಮಾಡಿ ಕಟ್ಟಿದಂಥವು.
ಮಳೆ ಹಿಡಿದರೆ ಬಡ್ಡಿ ವಸೂಲಿಗೆ ಬರುತ್ತದೆ ಮೊಮೀ,
ಗೋಡೆಯ ಬುಡದಿಂದ, ಬಾಗಿಲು ತಟ್ಟದೆ.

ಮೊದಲ ತಿಂಗಳು ಕಣ್ಣು ಮುಚ್ಚಲಾಗಲಿಲ್ಲ.
ಬುರುಡೆ ತೇಲಿ ಟಕ್ಕೆನ್ನುವುದು,
ಪಂಪು ಗುರುಗುಟ್ಟಿ ನೀರನ್ನು ಹಿತ್ತಲಿಗೆ ಉಗಿಯುವುದು,
ಕೊಳವೆಯಲ್ಲಿ ಉಳಿದದ್ದು ಗುಳುಕ್ಕೆಂದು ಮರಳುವುದು.
ಆಮೇಲೆ ಅದಿಲ್ಲದೆ ನಿದ್ದೆ ಹತ್ತದಾಯಿತು.

ಏಪ್ರಿಲ್ಲಿನ ಆ ರಾತ್ರಿ ನನ್ನನ್ನು ಎಬ್ಬಿಸಿದ್ದು
ಸದ್ದಲ್ಲ. ಸದ್ದು ನಿಂತದ್ದು.

ಇಡೀ ಬೀದಿಗೆ ಕರೆಂಟಿಲ್ಲ.
ಗೋಡೆಯ ಪೆಟ್ಟಿಗೆ ಕೆಂಪು ಕಣ್ಣು ಬಿಟ್ಟು ಕೀಂ ಅಂದಿತು.
‘ಏಳು ತಾಸು ಖಾತ್ರಿ’ ಎಂದು ಅದರ ಮೈಮೇಲೇ ಅಚ್ಚಾಗಿದೆ.
ಬ್ಯಾಟರಿಯ ಸಣ್ಣ ಪಂಪು ಹನ್ನೆರಡು ನಿಮಿಷ ತೇಕಿ
ಕೈಚೆಲ್ಲಿತು.

ಬಿರಡೆ ತಿರುಗಿಸಿ ನೋಡಿದೆ.
ಆರು ಬಾಯಿ. ಆರೂ ಒಣಗಿವೆ. ತಟ್ಟೆಗಳು ಬತ್ತಲೆ.
ನೀರೆತ್ತಬೇಕಾದದ್ದು ನೀರಿಲ್ಲದೆ ಬಿದ್ದಿದೆ
ಕಣಕಾಲು ಮುಳುಗುವ ನೀರಿನ ನಡುವೆ.
ಇದರಲ್ಲಿ ಒಂದು ಹನಿಯೂ ಅದಕ್ಕೆ ಸಲ್ಲದು.
ಸುಣ್ಣವಿಲ್ಲದ, ಕಬ್ಬಿಣವಿಲ್ಲದ,
ಭಟ್ಟಿಯಿಳಿಸಿದ ಮಡಿನೀರೇ ಆಗಬೇಕು ಅದಕ್ಕೆ.
ತಿಂಗಳಿಗೊಮ್ಮೆ ನೋಡು ಅಂದಿದ್ದಳು ಮನೆಯೊಡತಿ,
ಕರಾರಿನಲ್ಲಿ ಬರೆದೂ ಇದ್ದಳು.
ನಾನು ರುಜು ಹಾಕಿದ್ದೆ, ಅಷ್ಟೆ.

ಮೆಟ್ಟಿಲ ತಲೆಯಲ್ಲಿ ಬೆಳಕು. ಎಟೆಲ್ಕಾ ಸಬಾದೋಶ್,
ಎಂಬತ್ತೊಂದು, ನಿಲುವಂಗಿಯ ಮೇಲೆ ಗಂಡನ ಮಳೆಕೋಟು,
ಕೆನ್ನೆಯಲ್ಲಿ ಇನ್ನೂ ಮಾಸ್ಕಿನ ಪಟ್ಟಿಯ ಬಾಸುಂಡೆ.
ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕ್ಯಾನು:
ರಾತ್ರಿಯಿಡೀ ಅವಳ ಮೂಗಿಗೆ ಗಾಳಿಯೂಡುವ ಯಂತ್ರ
ಕುಡಿಯುವುದೂ ಇದೇ ನೀರು.

‘ಬ್ಯಾಟರಿ ಎದ್ದರೆ ಮೇಲಕ್ಕೆ ತರುತ್ತೇನೆ,
ನಿಮ್ಮ ಯಂತ್ರಕ್ಕೆ ಹಾಕೋಣ’ ಅಂದೆ.
‘ಎಂಬತ್ತೊಂದು ವರ್ಷ ಮಲಗಿದ್ದೇನೆ, ಲೊನ್ನಿ.
ಒಂದು ರಾತ್ರಿ ಕೂತಿರುತ್ತೇನೆ.
ಮುಳುಗುವ ಮಂಚ ನಿನ್ನದು. ಮನೆ ನನ್ನದು. ಹುಯ್ಯಿ.’

ಅಡುಗೆಮನೆಯ ಆಲಿಕೆ ಇಟ್ಟು ಹುಯ್ದೆ.
ತಟ್ಟೆಗಳು ಚುರ್ರೆಂದವು, ತೆಪ್ಪಗಾದವು, ಕಾದೆವು.
ಪೆಟ್ಟಿಗೆ ಅರೆಮನಸ್ಸಿನಿಂದ ಹಸಿರಾಯಿತು:
ಒಂದು ನಿಮಿಷ ದುಡಿತ, ಐದು ನಿಮಿಷ ಸುಸ್ತು.
ಆ ಐದು ನಿಮಿಷ ಬಕೆಟ್ಟು ನಾನು.
ಹನ್ನೊಂದು ಮೆಟ್ಟಿಲು ಹತ್ತು, ಹಿತ್ತಲಿಗೆ ಚೆಲ್ಲು, ಇಳಿ.
ನಡುಮೆಟ್ಟಿಲಲ್ಲಿ ಅವಳು ಕೂತು ತನ್ನ ಹಂಗೇರಿಯನ್ನಿನಲ್ಲಿ
ಎಣಿಸಿದಳು: ಎಜ್, ಕೆತ್ತೋ, ಹಾರೊಮ್...

ಅರವತ್ತರ ಆಸುಪಾಸು ಎಣಿಕೆ ತಡವರಿಸಿತು.
ಟಾರ್ಚು ಮಡಿಲಿಗೆ ಜಾರಿತು. ಗೊರಕೆ.
ಗೊರಕೆ ನಿಂತಿತು.

ತುಂಬಿದ ಬಕೆಟ್ಟು ಹಿಡಿದು ನಿಂತೆ.
ನನಗೆ ಗುರುತಿದ್ದ ಮೌನ ಅದು.

‘ಎಷ್ಟಾಯಿತು?’ ಕೂಗಿದೆ.
ನೀರಿಂದ ಮೇಲೆದ್ದವಳ ಹಾಗೆ ಗಕ್ಕನೆ ಉಸಿರೆಳೆದು
‘ನೂರಾ ನಾಲ್ಕು’ ಅಂದಳು. ಸುಳ್ಳು.
‘ಸರಿ, ನೂರಾ ಐದು’ ಅಂದೆ.

ಬೆಳಗಿನತನಕ ಅದೇ ಮಾತು.
ಪಂಪು ಸುಮ್ಮನಾದಾಗ ಗುಂಡಿಯತ್ತ ಓಡುವುದು,
ಅವಳು ಸುಮ್ಮನಾದಾಗ ಎಷ್ಟಾಯಿತು ಎಂದು ಕೂಗುವುದು.
ಐದೂ ಮುಕ್ಕಾಲಿಗೆ ಮೇಲೆಲ್ಲೋ ಫ್ರಿಜ್ಜು ಬಿಕ್ಕಳಿಸಿ
ಮನೆಗೆ ಜೀವ ಬಂತು.
‘ಮುನ್ನೂರಾ ಹದಿನೇಳು’ ಅಂದು ಎದ್ದಳು,
ಮಂಡಿ ಹಿಡಿದು, ‘ಬಾಡಿಗೆಯಲ್ಲಿ ಒಂದು ಡಾಲರೂ ಬಿಡುವುದಿಲ್ಲ.’

ಈಗ ತಿಂಗಳ ಮೊದಲ ದಿನ ಆರು ಬಾಯಿಗೂ ಇಣುಕುತ್ತೇನೆ.
ರಾತ್ರಿ ದೀಪವಾರಿಸಿದರೆ
ಹಲಗೆಯ ಸಂದಿನಿಂದ ಅವಳ ಯಂತ್ರದ ಸುಯ್,
ಕಿವಿಯ ಪಕ್ಕ ನನ್ನದರ ಗುಳುಕ್.
ಎರಡರಲ್ಲಿ ಯಾವುದು ನಿಂತರೂ ಎದ್ದು ಕೂರುತ್ತೇನೆ,
ಕತ್ತಲಲ್ಲಿ, ಬಾಯಿಗೆ ಬಂದದ್ದು ಅದೇ:
ಎಷ್ಟಾಯಿತು?